ಕಪ್ಪು ಹೆಣ್ಣುಮಕ್ಕಳ ನಡುವೆ ಆರೋಗ್ಯದ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಊರುಗಳಲ್ಲಿ ಕಪ್ಪು ಜನಾಂಗದ ಹುಡುಗಿಯರು, ಯುವತಿಯರಿಗಾಗಿ ನಡೆಯುವ ಆರೋಗ್ಯ ಶಿಬಿರಗಳಿಗೆ ಕೈಜೋಡಿಸಲು ಬರುವ ಕನ್ನಡಿಗರಲ್ಲಿ ಪಬ್ಲಿಕ್ ಹೆಲ್ತ್ ಓದುವವರಿದ್ದಾರೆ, ನರ್ಸ್‌ಗಳಿದ್ದಾರೆ, ಶನಿವಾರ ಬಿಡುವಿರುವ ಐಟಿಯವರೂ ಇದ್ದಾರೆ. ಅವರು ಮೊದಲ ದಿನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಕಪ್ಪು ಹೆಣ್ಣುಮಕ್ಕಳಿಗೆಂದೇ ಬೇರೆ ಕೆಲಸ ಯಾಕೆ? ಎಲ್ಲರಿಗೂ ಒಂದೇ ಶಿಬಿರ ಸಾಲದೆ?

ಎರಡು ವರ್ಷದ ಅಂಕಿ ಪಕ್ಕಪಕ್ಕ ಇಟ್ಟು ನೋಡಿ. 2022ರಲ್ಲಿ ಅಮೆರಿಕದಲ್ಲಿ ಪ್ರತಿ 1 ಲಕ್ಷ ಜನನಕ್ಕೆ 49.5 ಕಪ್ಪು ತಾಯಂದಿರು ಸತ್ತಿದ್ದರು, ಬಿಳಿಯರಲ್ಲಿ 19. ಮರುವರ್ಷ ಬಿಳಿಯರ ಅಂಕಿ 14.5ಕ್ಕೆ ಇಳಿಯಿತು. ಕಪ್ಪು ತಾಯಂದಿರದ್ದು 50.3. ಸುಧಾರಣೆ ಬಂತು, ಆದರೆ ಅವರ ಮನೆ ಬಾಗಿಲಿಗೆ ಬರಲಿಲ್ಲ. ಬಸಿರು ಬಾಣಂತನಕ್ಕೆ ಸಂಬಂಧಿಸಿದ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸುವ ಸಮಿತಿಗಳು ಅಲ್ಲಿನ ರಾಜ್ಯಗಳಲ್ಲಿವೆ. ಇಂಥ ಸಾವುಗಳಲ್ಲಿ ಶೇ. 80ಕ್ಕಿಂತ ಹೆಚ್ಚು ತಪ್ಪಿಸಬಹುದಾಗಿದ್ದವು ಎಂಬುದು ಆ ಸಮಿತಿಗಳದೇ ತೀರ್ಮಾನ.

ಹೆರಿಗೆ ಒಂದೇ ಅಲ್ಲ. ಬಿಪಿ ಚಿಕ್ಕ ವಯಸ್ಸಿಗೇ ಏರುತ್ತದೆ. ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆಗಳು ಬೇಗ ಬರುತ್ತವೆ, ದೊಡ್ಡದಾಗಿ ಬೆಳೆಯುತ್ತವೆ. ಸ್ತನ ಕ್ಯಾನ್ಸರ್ ಬರುವ ಪ್ರಮಾಣ ಬಿಳಿಯರಿಗಿಂತ ತುಸು ಕಡಿಮೆಯಿದ್ದರೂ ಸಾಯುವ ಪ್ರಮಾಣ ಸುಮಾರು ಶೇ. 40 ಹೆಚ್ಚು.

ಇದೆಲ್ಲ ಬಡತನದಿಂದ ಅಲ್ಲವೇ?

ಬಡತನದ ಪಾಲಿದೆ, ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. 2007ರಿಂದ 2016ರವರೆಗಿನ ಸಾವುಗಳನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಲೆಕ್ಕ ಹಾಕಿದಾಗ, ಕಾಲೇಜು ಮುಗಿಸಿದ ಕಪ್ಪು ಮಹಿಳೆಯರ ಸಾವಿನ ಪ್ರಮಾಣ ಅಷ್ಟೇ ಓದಿದ ಬಿಳಿಯರಿಗಿಂತ 5.2 ಪಟ್ಟು ಇತ್ತು. ಹೈಸ್ಕೂಲೂ ಮುಗಿಸದ ಬಿಳಿ ಮಹಿಳೆಯರಿಗಿಂತಲೂ ಅದು ಹೆಚ್ಚು. ದುಡ್ಡು, ಹೆಸರು ಎರಡೂ ಇದ್ದ ಟೆನಿಸ್ ತಾರೆ ಸೆರೆನಾ ವಿಲಿಯಮ್ಸ್ 2017ರಲ್ಲಿ ಹೆರಿಗೆಯಾದ ಮರುದಿನ ಉಸಿರು ಕಟ್ಟಿದಾಗ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿರಬೇಕೆಂದು ತಾವೇ ಹೇಳಿ, ಸ್ಕ್ಯಾನ್ ಮಾಡಿ ಎಂದು ಪಟ್ಟು ಹಿಡಿಯಬೇಕಾಯಿತು. ಅವರ ಮಾತೇ ನಿಜವಾಯಿತು.

2016ರಲ್ಲಿ ವರ್ಜೀನಿಯಾದಲ್ಲಿ ನಡೆದ ಅಧ್ಯಯನದಲ್ಲಿ ವೈದ್ಯ ವಿದ್ಯಾರ್ಥಿಗಳು ಮತ್ತು ರೆಸಿಡೆಂಟ್ ವೈದ್ಯರಲ್ಲಿ ಅರ್ಧದಷ್ಟು ಮಂದಿ "ಕಪ್ಪು ಜನರ ಚರ್ಮ ದಪ್ಪ" ಎಂಬಂಥ ಒಂದಾದರೂ ಸುಳ್ಳು ನಂಬಿಕೆಯನ್ನು ಒಪ್ಪಿದ್ದರು. ಅಂಥ ನಂಬಿಕೆ ಇಟ್ಟುಕೊಂಡವರು ಕಪ್ಪು ರೋಗಿಯ ನೋವನ್ನು ಕಡಿಮೆ ಎಂದೂ ಅಂದಾಜಿಸಿದರು. ಹೇಳಿದ ಮಾತು ಕೇಳಿಸದೇ ಹೋಗುವುದು ಇಲ್ಲಿ ದೊಡ್ಡ ಕಾಯಿಲೆ. ಹೀಗಾಗಿ ಬಿಪಿ ನೋಡಿ ಕಳಿಸಿಬಿಟ್ಟರೆ ಕೆಲಸ ಆಗುವುದಿಲ್ಲ. ಶಿಬಿರಕ್ಕೆ ಬಂದವಳ ಮಾತು ಮುಂದಿನ ಕ್ಲಿನಿಕ್ಕಿನಲ್ಲಿ ಕೇಳಿಸುವ ತನಕ ಜೊತೆಗಿರಬೇಕು.

"ಅವರಿಗೆ ಡಾಕ್ಟರರ ಮೇಲೆ ನಂಬಿಕೆಯೇ ಇಲ್ಲ" ಅನ್ನುತ್ತಾರಲ್ಲ?

ಹಾಗನ್ನುವವರು ಕಾರಣವನ್ನೂ ಹೇಳಬೇಕು. 1840ರ ದಶಕದಲ್ಲಿ ಅಲಬಾಮಾದ ಮಾಂಟ್‌ಗೊಮೆರಿಯಲ್ಲಿ ಜೆ. ಮೇರಿಯನ್ ಸಿಮ್ಸ್ ಎಂಬ ವೈದ್ಯ ಗುಲಾಮ ಹೆಣ್ಣುಮಕ್ಕಳ ಮೇಲೆ ಅರಿವಳಿಕೆ ಇಲ್ಲದೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿದ. ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಮೂರು ಹೆಸರು ಮಾತ್ರ ದಾಖಲೆಯಲ್ಲಿ ಉಳಿದಿವೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಬಳಿಯಿದ್ದ ಅವನ ಪ್ರತಿಮೆಯನ್ನು ತೆಗೆದದ್ದು 2018ರಲ್ಲಿ. 1961ರಲ್ಲಿ ಮಿಸಿಸಿಪಿಯ ಹೋರಾಟಗಾರ್ತಿ ಫ್ಯಾನಿ ಲೂ ಹೇಮರ್ ಅವರ ಗರ್ಭಕೋಶವನ್ನು ಅವರಿಗೆ ತಿಳಿಸದೆಯೇ ತೆಗೆದುಹಾಕಲಾಯಿತು. 1973ರಲ್ಲಿ ಅದೇ ಮಾಂಟ್‌ಗೊಮೆರಿಯಲ್ಲಿ 14 ಮತ್ತು 12 ವರ್ಷದ ರೆಲ್ಫ್ ಅಕ್ಕತಂಗಿಯರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಯಿತು. ಓದಲು ಬಾರದ ತಾಯಿ ಕಾಗದಕ್ಕೆ ಗುರುತು ಹಾಕಿದ್ದಳು, ಚುಚ್ಚುಮದ್ದಿಗೆಂದು ತಿಳಿದು. ಆ ಕಾಲದ ಹುಡುಗಿಯರು ಇಂದಿನ ಅಜ್ಜಿಯರು. ಶಿಬಿರಕ್ಕೆ ಮೊಮ್ಮಗಳನ್ನು ಕರೆತರುವವರೂ ಅವರೇ.

ಹಾಗಾಗಿ ನಂಬಿಕೆಯ ಬಗ್ಗೆ ಭಾಷಣ ಬೇಡ. ಏನು ಬರೆದುಕೊಳ್ಳುತ್ತೀರಿ, ಅದು ಯಾರ ಕೈಗೆ ಹೋಗುತ್ತದೆ, ಯಾವಾಗ ಅಳಿಸುತ್ತೀರಿ ಎಂಬುದನ್ನು ಕೇಳುವ ಮೊದಲೇ ಹೇಳಿ. "ಬೇಡ" ಅಂದವರನ್ನು ಒತ್ತಾಯಿಸಬೇಡಿ. ಮುಂದಿನ ತಿಂಗಳು ಅದೇ ಜಾಗಕ್ಕೆ ಅದೇ ಹೊತ್ತಿಗೆ ಮತ್ತೆ ಬನ್ನಿ.

ಎಲ್ಲಿಂದ ಶುರು ಮಾಡಬೇಕು? ಕಮ್ಯುನಿಟಿ ಹಾಲ್ ಬುಕ್ ಮಾಡಿದರೆ ಆಗದೇ?

ಹಾಲ್ ಬುಕ್ ಮಾಡಿ ಪೋಸ್ಟರ್ ಹಚ್ಚಿದರೆ ಬರುವುದು ಹೇಗೂ ಡಾಕ್ಟರ ಬಳಿ ಹೋಗುವ ಮಂದಿ. ಜನ ಇರುವಲ್ಲಿಗೆ ನೀವು ಹೋಗಿ. ಈ ಪಾಠ ಹಳೆಯದು. ಆಲ್ಫಾ ಕಾಪಾ ಆಲ್ಫಾ ಎಂಬ ಕಪ್ಪು ಮಹಿಳೆಯರ ಸಂಘ 1935ರಿಂದ 1942ರವರೆಗೆ ಬೇಸಿಗೆಯಲ್ಲಿ ಮಿಸಿಸಿಪಿಯ ಹತ್ತಿ ತೋಟಗಳ ಕಡೆ ಆರೋಗ್ಯ ಕಾರ್ಯಕ್ರಮ ನಡೆಸಿತು. ಮುಂದಾಳು ಡಾ. ಡೊರೊತಿ ಬೋಲ್ಡಿಂಗ್ ಫೆರಬಿ. ಕೂಲಿಗಳು ಕ್ಲಿನಿಕ್ಕಿಗೆ ಹೋಗಲು ತೋಟದ ಮಾಲೀಕರು ಬಿಡಲಿಲ್ಲ. ಫೆರಬಿ ತಂಡ ತಮ್ಮ ಕಾರುಗಳನ್ನೇ ಕ್ಲಿನಿಕ್ ಮಾಡಿಕೊಂಡು ತೋಟಕ್ಕೇ ಹೋಯಿತು.

ಇಂದು ಆ ಜಾಗ ಚರ್ಚ್ ಇರಬಹುದು, ಲಾಂಡ್ರಿ ಅಂಗಡಿ ಇರಬಹುದು. ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು ಜಡೆ ಹೆಣೆಯುವ ಸಲೂನ್. ಸಣ್ಣ ಜಡೆಗಳನ್ನು ಪೂರ್ತಿ ಹೆಣೆಯಲು 4ರಿಂದ 8 ಗಂಟೆ ಬೇಕು. ಅಷ್ಟು ಹೊತ್ತು ಒಂದೇ ಕುರ್ಚಿಯಲ್ಲಿ ಕೂತವಳ ಜೊತೆ ಅವಸರವಿಲ್ಲದೆ ಮಾತಾಡಬಹುದು. ಲಾಸ್ ಏಂಜಲೀಸಿನ 52 ಕ್ಷೌರದಂಗಡಿಗಳಲ್ಲಿ 319 ಕಪ್ಪು ಗಂಡಸರ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಬಲ ಕೊಟ್ಟಿತು. ಫಾರ್ಮಸಿಸ್ಟ್ ಅಂಗಡಿಗೇ ಬಂದು ಔಷಧ ಬರೆದುಕೊಟ್ಟಲ್ಲಿ ಆರು ತಿಂಗಳಲ್ಲಿ ಮೇಲಿನ ಬಿಪಿ (ಎರಡು ಅಂಕಿಗಳಲ್ಲಿ ದೊಡ್ಡದು) ಸರಾಸರಿ 27 ಮಿ.ಮೀ. ಇಳಿಯಿತು. ಬರೀ ಬುದ್ಧಿಮಾತು ಹೇಳಿ ಡಾಕ್ಟರ ಬಳಿ ಹೋಗಿ ಅಂದಲ್ಲಿ ಇಳಿದದ್ದು 9.3.

ಸಲೂನಿನ ಒಡತಿಯನ್ನು ಮೊದಲು ಕಾಣಿ, ಶನಿವಾರ ಬೇಡ. ಅವತ್ತು ಅವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ನೀವು ಹಿಡಿಯುವ ಜಾಗ, ಹೊತ್ತಿಗೆ ಬಾಡಿಗೆ ಕೊಡುತ್ತೀರೋ ಇಲ್ಲವೋ ಅನ್ನುವುದನ್ನು ಅವತ್ತೇ ಮಾತಾಡಿ ಮುಗಿಸಿ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಜಡೆ ಹೆಣೆಯುವವರಲ್ಲಿ ಪಶ್ಚಿಮ ಆಫ್ರಿಕಾದ ಸೆನೆಗಲ್ ಕಡೆಯವರು ಬಹಳ. ಅಲ್ಲಿ ಇಂಗ್ಲಿಷ್ ಕರಪತ್ರವೊಂದೇ ಸಾಲದು, ಫ್ರೆಂಚ್, ವೊಲೊಫ್ ಬಲ್ಲವರು ಬೇಕು.

ಬಿಪಿ ನೋಡುವುದರಲ್ಲಿ ಕಲಿಯುವುದೇನಿದೆ? ಮೆಷಿನ್ ತಾನೇ ನೋಡುತ್ತದಲ್ಲ?

ಅತಿ ಹೆಚ್ಚು ತಪ್ಪು ಆಗುವುದು ಇಲ್ಲೇ. ತಪ್ಪಾದ ಅಂಕಿ ಕೊಟ್ಟರೆ ಒಬ್ಬಳನ್ನು ಸುಮ್ಮನೆ ಹೆದರಿಸುತ್ತೀರಿ, ಇಲ್ಲವೇ ನಿಜವಾಗಿ ಏರಿದವಳನ್ನು ಮನೆಗೆ ಕಳಿಸುತ್ತೀರಿ.

ಮೊದಲು ತೋಳಿನ ಪಟ್ಟಿ. ಹೆಗಲಿನ ಮೂಳೆಗೂ ಮೊಣಕೈಗೂ ನಡುವೆ ಟೇಪಿನಿಂದ ಸುತ್ತಳತೆ ತೆಗೆಯಿರಿ. 22ರಿಂದ 26 ಸೆಂ.ಮೀ.ಗೆ ಸಣ್ಣ ಪಟ್ಟಿ, 27ರಿಂದ 34ಕ್ಕೆ ಸಾಮಾನ್ಯ, 35ರಿಂದ 44ಕ್ಕೆ ದೊಡ್ಡದು, 45ರಿಂದ 52ಕ್ಕೆ ಅತಿ ದೊಡ್ಡದು. ಪೆಟ್ಟಿಗೆಯಲ್ಲಿ ಬರುವುದು ಸಾಮಾನ್ಯ ಅಳತೆಯದು ಒಂದೇ. ಅತಿ ದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯದ್ದನ್ನೇ ಬಿಗಿದರೆ ಮೇಲಿನ ಅಂಕಿ ಸರಾಸರಿ 19.5 ಮಿ.ಮೀ. ಹೆಚ್ಚು ತೋರಿಸುತ್ತದೆ ಎಂದು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನವರು 2023ರಲ್ಲಿ ತೋರಿಸಿದರು. ಪಟ್ಟಿ "ಚಟ್" ಎಂದು ಬಿಚ್ಚಿಕೊಂಡರೆ "ನಿಮ್ಮ ಕೈ ದಪ್ಪ" ಅನ್ನುವ ಮಾತು ಬಾಯಿಂದ ಬರಬಾರದು. "ಈ ಪಟ್ಟಿ ಸಣ್ಣದಾಯಿತು" ಅನ್ನಿ. ತಪ್ಪು ಪಟ್ಟಿಯದು.

ಆಮೇಲೆ ಕೂರುವ ರೀತಿ. ಮೂತ್ರಕ್ಕೆ ಹೋಗಿಬರಲಿ. ಅರ್ಧ ಗಂಟೆಯೊಳಗೆ ಕಾಫಿ, ಸಿಗರೇಟು ಆಗಿರಬಾರದು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲಿಲ್ಲ. 5 ನಿಮಿಷ ಮಾತಿಲ್ಲದೆ ಕೂರಬೇಕು. ಸಲೂನಿನಲ್ಲಿ ಕಷ್ಟವಾದದ್ದು ಇದೊಂದೇ. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ತೊಡೆಯ ಮೇಲಿಟ್ಟರೆ ಸುಮಾರು 4 ಮಿ.ಮೀ., ಜೋತುಬಿಟ್ಟರೆ ಸುಮಾರು 6.5 ಮಿ.ಮೀ. ಏರುತ್ತದೆ. ಪಟ್ಟಿ ಬರಿ ಚರ್ಮದ ಮೇಲೆ. ಸಲೂನಿನವರು ಹೊದಿಸಿದ ಬಟ್ಟೆಯ ಮೇಲೂ ಅಲ್ಲ, ಮಡಚಿ ಬಿಗಿಯಾದ ಅಂಗಿ ತೋಳಿನ ಕೆಳಗೂ ಅಲ್ಲ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡರ ಸರಾಸರಿ ಬರೆಯಿರಿ. ಜಡೆ ಬಿಗಿದು ತಲೆ ನೋಯುತ್ತಿರುವಾಗ ನೋಡಬೇಡಿ, ನೋವಿಗೂ ಬಿಪಿ ಏರುತ್ತದೆ. ಹೆಣೆಯಲು ಕೂರುವ ಮೊದಲೇ ನೋಡಿಬಿಡುವುದು ಲೇಸು.

ಅಂಕಿ ಬಂದ ಮೇಲೆ ಏನು ಹೇಳಬೇಕು?

"ನಿಮಗೆ ಬಿಪಿ ಇದೆ" ಎಂದು ಹೇಳುವ ಅಧಿಕಾರ ಶಿಬಿರಕ್ಕಿಲ್ಲ. "ಇವತ್ತು ಇಷ್ಟು ಬಂದಿದೆ, ಮತ್ತೆ ನೋಡಿಸಬೇಕು" ಅನ್ನಬಹುದು. ಅಲ್ಲಿನ ಲೆಕ್ಕದಲ್ಲಿ 130/80 ದಾಟಿದರೆ ಹೆಚ್ಚು, 140/90 ಎರಡನೇ ಹಂತ. 180/120 ದಾಟಿದರೆ 5 ನಿಮಿಷ ಬಿಟ್ಟು ಮತ್ತೆ ನೋಡಿ. ಹಾಗೇ ಇದ್ದು ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಕಣ್ಣು ಮಂಜಾಗುವುದು ಏನಾದರೂ ಇದ್ದರೆ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ. ಏನೂ ಇಲ್ಲದಿದ್ದರೂ ಅವತ್ತೇ ಡಾಕ್ಟರರಿಗೆ ಫೋನ್ ಹೋಗಬೇಕು.

ಬಸುರಿ, ಬಾಣಂತಿಯರ ಲೆಕ್ಕವೇ ಬೇರೆ. ಇದನ್ನು ಮರೆತ ಶಿಬಿರ ನಡೆಸದಿರುವುದೇ ಮೇಲು. ಅವರಿಗೆ 140/90 ಬಂದರೆ ಅವತ್ತೇ ಹೆರಿಗೆ ಡಾಕ್ಟರರಿಗೆ ತಿಳಿಸಬೇಕು. 160/110 ಬಂದು 15 ನಿಮಿಷದೊಳಗೆ ಮತ್ತೆ ನೋಡಿದಾಗಲೂ ಅಷ್ಟೇ ಇದ್ದರೆ ಅದು ತುರ್ತು, ಬೇರೆ ಲಕ್ಷಣ ಇರಲಿ ಬಿಡಲಿ. ಆದ್ದರಿಂದ ಚೀಟಿಯ ಮೊದಲ ಪ್ರಶ್ನೆ ಹೆಸರಲ್ಲ: "ಈಗ ಬಸುರಿಯೇ? ಹೆರಿಗೆಯಾಗಿ ಎಷ್ಟು ದಿನ ಆಯಿತು?" ಹೊಟ್ಟೆ ನೋಡಿ ಊಹಿಸಬೇಡಿ, ಹದಿನಾರರ ಹುಡುಗಿ ಎಂದು ಕೇಳದೆಯೂ ಬಿಡಬೇಡಿ. ತಾಯಿ ಎದುರಿಗಿದ್ದರೆ ಮಾತ್ರ ಈ ಪ್ರಶ್ನೆ ಬೇಡ. ಪರದೆಯ ಹಿಂದೆ ಒಬ್ಬಳನ್ನೇ ಕೇಳಿ.

ರೆಫರಲ್ ಚೀಟಿ ಕೊಟ್ಟೆವು, ಅವರು ಹೋಗಲೇ ಇಲ್ಲ. ನಮ್ಮ ತಪ್ಪೇ?

ಬಹಳ ಸಲ ಹೌದು. ಚೀಟಿಯಲ್ಲಿ ಕ್ಲಿನಿಕ್ಕಿನ ಹೆಸರಿರುತ್ತದೆ; ಯಾವ ಬಸ್ಸು, ಯಾವ ಹೊತ್ತು, ದುಡ್ಡೆಷ್ಟು, ಇನ್ಶೂರೆನ್ಸ್ ಇಲ್ಲದಿದ್ದರೆ ಒಳಗೆ ಬಿಡುತ್ತಾರೋ ಇಲ್ಲವೋ, ಮಗುವನ್ನು ಕರೆದೊಯ್ಯಬಹುದೋ ಎಂಬುದು ಇರುವುದಿಲ್ಲ. ಶಿಬಿರದ ಹಿಂದಿನ ವಾರವೇ ಹತ್ತಿರದ ಸಮುದಾಯ ಆರೋಗ್ಯ ಕೇಂದ್ರದ ಜೊತೆ ಮಾತಾಡಿ ಮುಂದಿನ 10 ದಿನದಲ್ಲಿ ನಾಲ್ಕೈದು ಅಪಾಯಿಂಟ್‌ಮೆಂಟ್ ಖಾಲಿ ಹಿಡಿದಿಟ್ಟುಕೊಳ್ಳಿ. ಫೆಡರಲ್ ನೆರವಿನ ಈ ಕೇಂದ್ರಗಳು ಆದಾಯ ನೋಡಿ ಶುಲ್ಕ ಹಾಕುತ್ತವೆ, ಕೊಡಲಾಗದವರನ್ನು ವಾಪಸ್ ಕಳಿಸುವಂತಿಲ್ಲ. ಇವುಗಳ ಮೂಲ ಮಾದರಿಗಳಲ್ಲೊಂದು ಮಿಸಿಸಿಪಿಯ ಮೌಂಡ್ ಬಯೂ ಎಂಬ ಕಪ್ಪು ಜನರದೇ ಊರಿನಲ್ಲಿ 1960ರ ದಶಕದಲ್ಲಿ ಶುರುವಾದದ್ದು. ಅಲ್ಲಿ ಡಾ. ಜ್ಯಾಕ್ ಗೈಗರ್ ಹಸಿವಿನಿಂದ ಸೊರಗಿದ ಮಕ್ಕಳಿಗೆ ಚೀಟಿಯಲ್ಲಿ ಆಹಾರವನ್ನೇ ಬರೆದುಕೊಟ್ಟರು. ಆಕ್ಷೇಪ ಬಂದಾಗ ಅವರು ಕೊಟ್ಟ ಉತ್ತರದ ಸಾರ ಇಷ್ಟು: ಹಸಿವಿನ ಕಾಯಿಲೆಗೆ ಔಷಧ ಊಟವೇ.

ಅವಳು ಕುರ್ಚಿಯಿಂದ ಏಳುವ ಮೊದಲೇ, ಅವಳ ಫೋನಿನಿಂದಲೇ ಅಪಾಯಿಂಟ್‌ಮೆಂಟ್ ಮಾಡಿಸಿ. ಮೂರನೇ ದಿನ ಒಂದು ಮೆಸೇಜ್, ಎರಡು ವಾರಕ್ಕೆ ಒಂದು ಫೋನ್. ಮೆಸೇಜಿನಲ್ಲಿ ಕಾಯಿಲೆಯ ಹೆಸರು ಬರೆಯಬೇಡಿ, ಫೋನ್ ಯಾರ ಕೈಲಿರುತ್ತದೋ.

ಬಾಣಂತಿಗೆ ಯಾವ ಲಕ್ಷಣ ಹೇಳಿಕೊಡಬೇಕು?

ಬಿಡದೆ ಕಾಡುವ ತಲೆನೋವು. ಕಣ್ಣ ಮುಂದೆ ಮಿಂಚು. ಮುಖ, ಕೈ ಊದುವುದು. ಬಲಪಕ್ಕೆಲುಬಿನ ಕೆಳಗೆ ನೋವು. ಉಸಿರು ಕಟ್ಟುವುದು. ಒಂದೇ ಕಾಲು ಊದಿ ಕೆಂಪಗಾಗಿ ನೋಯುವುದು, ಕಪ್ಪು ಚರ್ಮದಲ್ಲಿ ಕೆಂಪು ಕಾಣದು, ಮುಟ್ಟಿದರೆ ಬಿಸಿ ಇರುತ್ತದೆ. ಗಂಟೆಗೊಂದು ಪ್ಯಾಡ್ ತೋಯುವಷ್ಟು ರಕ್ತ. 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ. ಮಗುವಿಗೋ ತನಗೋ ಏನಾದರೂ ಮಾಡಿಬಿಡುತ್ತೇನೆ ಎಂಬ ಯೋಚನೆ.

ಲಕ್ಷಣಕ್ಕಿಂತ ಮುಖ್ಯ, ಎಮರ್ಜೆನ್ಸಿಯಲ್ಲಿ ಬಾಯಿಬಿಡುವ ಮೊದಲ ವಾಕ್ಯ: "ನನಗೆ ಹೆರಿಗೆಯಾಗಿ ಇಷ್ಟು ದಿನವಾಗಿದೆ." ಮಗು ಕಂಕುಳಲ್ಲಿಲ್ಲದಿದ್ದರೆ ಅವಳು ಬಾಣಂತಿ ಎಂದು ಅಲ್ಲಿ ಯಾರಿಗೂ ಹೊಳೆಯುವುದಿಲ್ಲ, ತಲೆನೋವಿನ ಮಾತ್ರೆ ಕೊಟ್ಟು ಕಳಿಸುತ್ತಾರೆ. ಜೋರಾಗಿ ಹೇಳಿಸಿ ಅಭ್ಯಾಸ ಮಾಡಿಸಿ. ನಾಚಿಕೆ ಅನಿಸಿದರೂ ಎರಡು ಸಲ ಹೇಳಿಸಿ. ಇನ್ನೊಂದು ವಾಕ್ಯವೂ ಗೊತ್ತಿರಲಿ: "ಪರೀಕ್ಷೆ ಬೇಡ ಎಂದು ನೀವು ತೀರ್ಮಾನಿಸಿದ್ದನ್ನು ನನ್ನ ಫೈಲಿನಲ್ಲಿ ಬರೆಯಿರಿ."

ಬಸುರಿನಲ್ಲೇ ಮಾಡಬಹುದಾದದ್ದೂ ಉಂಟು. ಬಿಪಿ ಏರುವ ಅಪಾಯ ಇರುವವರಿಗೆ 12ನೇ ವಾರದ ನಂತರ ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್ ಕೊಡಬೇಕೆಂಬ ಶಿಫಾರಸಿದೆ, 16ರೊಳಗೆ ಶುರುವಾದರೆ ಒಳ್ಳೆಯದು. ಮಾತ್ರೆ ನೀವು ಕೊಡಬೇಡಿ, ಡಾಕ್ಟರರನ್ನು ಕೇಳುವಂತೆ ಅವಳಿಗೆ ಬರೆದುಕೊಡಿ. ಬಾಣಂತಿಯ ಮನಸ್ಸು ಕುಸಿದಾಗ 1-833-852-6262 ಹಗಲು ರಾತ್ರಿ ತೆರೆದಿರುವ ಸರ್ಕಾರಿ ಸಹಾಯವಾಣಿ.

ಡೂಲಾ ಅಂದರೆ ನಮ್ಮ ಸೂಲಗಿತ್ತಿಯೇ?

ಅಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಂತೆ ಡೂಲಾ ಹೆರಿಗೆ ಮಾಡಿಸುವುದಿಲ್ಲ. ಬೆನ್ನು ನೀವುತ್ತಾಳೆ, ನೀರು ಕುಡಿಸುತ್ತಾಳೆ, ಡಾಕ್ಟರರು ಹೇಳಿದ್ದನ್ನು ಬಿಡಿಸಿ ಹೇಳುತ್ತಾಳೆ, "ಆಕೆ ನೋವು ಅನ್ನುತ್ತಿದ್ದಾಳೆ" ಎಂದು ನೆನಪಿಸುತ್ತಾಳೆ. ನಮ್ಮ ಸೂಲಗಿತ್ತಿಗೆ ಅಲ್ಲಿ ಸಾಟಿಯೆಂದರೆ ದಕ್ಷಿಣದ ಕಪ್ಪು ಅಜ್ಜಿ-ದಾಯಿಯರು. ಅಲಬಾಮಾದ ಗ್ರೀನ್ ಕೌಂಟಿಯ ಮಾರ್ಗರೆಟ್ ಚಾರ್ಲ್ಸ್ ಸ್ಮಿತ್ 3,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. ಕಾನೂನು ಬಿಗಿಯಾಗುತ್ತ ಬಂದು 1970ರ ದಶಕದಲ್ಲಿ ಅಂಥವರ ಕೈ ಕಟ್ಟಿತು.

ಹದಿಹರೆಯದ ಹುಡುಗಿಯರ ಜೊತೆ ಮಾತು ಎಲ್ಲಿಂದ ಶುರು?

ಮುಟ್ಟಿನಿಂದ. "ಆರೋಗ್ಯ" ಅಂದರೆ ಅವರು ಫೋನ್ ನೋಡುತ್ತಾರೆ. "ಪ್ಯಾಡ್ ಎಷ್ಟು ಹೊತ್ತಿಗೆ ಬದಲಿಸುತ್ತೀಯ?" ಅಂದರೆ ತಲೆ ಎತ್ತುತ್ತಾರೆ. ಒಂದೆರಡು ಗಂಟೆಗೊಂದು ಪ್ಯಾಡ್ ತೋಯುತ್ತಿದ್ದರೆ, 7 ದಿನ ದಾಟಿದರೆ, ಕಾಲು ಡಾಲರ್ ನಾಣ್ಯಕ್ಕಿಂತ ದೊಡ್ಡ ಗಡ್ಡೆ ಬಿದ್ದರೆ, ರಾತ್ರಿ ಎದ್ದು ಬದಲಿಸಬೇಕಾದರೆ ಅದು "ನಮ್ಮ ಮನೆಯಲ್ಲಿ ಎಲ್ಲರಿಗೂ ಹೀಗೇ" ಎಂದು ಬಿಡುವ ವಿಷಯವಲ್ಲ. ಮನೆಯಲ್ಲಿ ಎಲ್ಲರಿಗೂ ಹಾಗೇ ಇರುವುದು ಫೈಬ್ರಾಯ್ಡ್ ಇರಬಹುದು, ರಕ್ತ ಹೆಪ್ಪುಗಟ್ಟದ ವಾನ್ ವಿಲ್ಲೆಬ್ರಾಂಡ್ ಕಾಯಿಲೆಯೂ ಇರಬಹುದು. ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು; ಫೆರಿಟಿನ್ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಲಿ.

ಇನ್ನೊಂದು ಮಾತು ದೊಡ್ಡವರಿಗೆ. 5ರಿಂದ 14 ವರ್ಷದ ಕಪ್ಪು ಹುಡುಗಿಯರನ್ನು ದೊಡ್ಡವರು ಅದೇ ವಯಸ್ಸಿನ ಬಿಳಿ ಹುಡುಗಿಯರಿಗಿಂತ "ದೊಡ್ಡವಳು, ರಕ್ಷಣೆ ಅಷ್ಟು ಬೇಡ" ಎಂದು ಕಾಣುತ್ತಾರೆಂದು ಜಾರ್ಜ್‌ಟೌನ್ ಕಾನೂನು ಕೇಂದ್ರ 2017ರಲ್ಲಿ ತೋರಿಸಿತು. ಹನ್ನೊಂದರವಳು ಎತ್ತರವಾಗಿ ಬೆಳೆದಿದ್ದರೂ ಹನ್ನೊಂದರವಳೇ.

ಗುಟ್ಟಿನ ವಿಷಯದಲ್ಲಿ ಸುಳ್ಳು ಭರವಸೆ ಕೊಡಬೇಡಿ. ಲೈಂಗಿಕ ಸೋಂಕಿನ ಪರೀಕ್ಷೆಗೆ ಬಹುತೇಕ ರಾಜ್ಯಗಳಲ್ಲಿ ಹದಿಹರೆಯದವರು ತಾವೇ ಒಪ್ಪಿಗೆ ಕೊಡಬಹುದು, ವಯಸ್ಸಿನ ಮಿತಿ ರಾಜ್ಯಕ್ಕೊಂದು. ಆದರೆ ಅಪ್ಪನ ಇನ್ಶೂರೆನ್ಸ್ ಬಳಸಿದರೆ ವಿವರದ ಕಾಗದ ಮನೆಗೆ ಬಂದು ಬೀಳುತ್ತದೆ. ಅಂಥವರನ್ನು ಉಚಿತ ಕ್ಲಿನಿಕ್ಕಿಗೇ ಕಳಿಸಿ. ದೌರ್ಜನ್ಯದ ಸುಳಿವು ಸಿಕ್ಕರೆ ವರದಿ ಮಾಡುವ ಹೊಣೆ ನಿಮ್ಮ ಮೇಲಿರುತ್ತದೆ ಎಂಬುದನ್ನು ಮಾತಿಗೆ ಮೊದಲೇ ಅವಳಿಗೆ ತಿಳಿಸಿ.

ಎಚ್‌ಪಿವಿ ಲಸಿಕೆ, ಎಚ್‌ಐವಿ?

2025ರವರೆಗಿನ ಅಮೆರಿಕದ ಶಿಫಾರಸಿನಲ್ಲಿ ಲಸಿಕೆ 15 ತುಂಬುವ ಮೊದಲು ಶುರುವಾದರೆ 6ರಿಂದ 12 ತಿಂಗಳ ಅಂತರದಲ್ಲಿ 2 ಡೋಸ್, ತಡವಾದರೆ 3 ಇತ್ತು. 26ರವರೆಗೆ ಹಾಕಿಸಿಕೊಳ್ಳಬಹುದು. ತಾಯಂದಿರ ಹತ್ತಿರ "ಕ್ಯಾನ್ಸರ್ ತಡೆಯುವ ಲಸಿಕೆ" ಅನ್ನಿ, ಅದೇ ನಿಜ.

ಅಮೆರಿಕದಲ್ಲಿ ಹೊಸದಾಗಿ ಎಚ್‌ಐವಿ ಪತ್ತೆಯಾಗುವ ಹೆಂಗಸರಲ್ಲಿ ಸುಮಾರು ಅರ್ಧ ಕಪ್ಪು ಮಹಿಳೆಯರು. ಮುಂಚಿತವಾಗಿ ತಡೆಯುವ ಪ್ರೆಪ್ ಔಷಧದ ಜಾಹೀರಾತುಗಳಲ್ಲಿ ಮಾತ್ರ ಬಹುಕಾಲ ಗಂಡಸರೇ. ದಿನದ ಮಾತ್ರೆಯಿದೆ, 2 ತಿಂಗಳಿಗೊಮ್ಮೆಯ ಇಂಜೆಕ್ಷನ್ ಇದೆ, 2025ರಿಂದ ವರ್ಷಕ್ಕೆರಡೇ ಸಲದ ಇಂಜೆಕ್ಷನ್ ಕೂಡ ಇದೆ.

ಸಿಕಲ್ ಸೆಲ್ ಪರೀಕ್ಷೆ ಮಾಡಬೇಕೇ?

ಸಿಕಲ್ ಸೆಲ್ ಅಂದರೆ ರಕ್ತದ ಕೆಂಪು ಕಣಗಳು ಕುಡುಗೋಲಿನಂತೆ ಬಾಗುವ, ವಂಶದಿಂದ ಬರುವ ಕಾಯಿಲೆ. ಬಹುತೇಕರಿಗೆ ಪರೀಕ್ಷೆ ಹುಟ್ಟಿದಾಗಲೇ ಆಗಿರುತ್ತದೆ. 2006ರ ಹೊತ್ತಿಗೆ ಎಲ್ಲ ರಾಜ್ಯಗಳೂ ನವಜಾತ ಶಿಶುಗಳಿಗೆ ಈ ಪರೀಕ್ಷೆ ಮಾಡತೊಡಗಿದ್ದವು. ತೊಡಕೆಂದರೆ ಫಲಿತಾಂಶ ಫೈಲಿನಲ್ಲೇ ಉಳಿದು, ಇಪ್ಪತ್ತರ ಹುಡುಗಿಗೆ ತನ್ನದು ಗೊತ್ತಿರುವುದಿಲ್ಲ. ಕಪ್ಪು ಶಿಶುಗಳಲ್ಲಿ 13ಕ್ಕೆ ಒಂದು ವಾಹಕ (ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಆ ಜೀನ್ ಪಡೆದದ್ದು), 365ಕ್ಕೆ ಒಂದಕ್ಕೆ ಕಾಯಿಲೆ. ಇಬ್ಬರು ವಾಹಕರು ಕೂಡಿದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ಶೇ. 25. ವಾಹಕಳಾಗಿರುವುದು ಕಾಯಿಲೆಯಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಿ. 1970ರ ದಶಕದಲ್ಲಿ ಕಪ್ಪು ಜನರ ಹಕ್ಕಿಗೆ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಬೀದಿಬೀದಿಯಲ್ಲಿ ಈ ಪರೀಕ್ಷೆ ಮಾಡಿ ಅರಿವು ಮೂಡಿಸಿತು. ಆಮೇಲೆ ಕೆಲವು ರಾಜ್ಯಗಳು ಅದನ್ನು ಕಡ್ಡಾಯ ಮಾಡಿ, ವಾಹಕ ಯಾರು ರೋಗಿ ಯಾರು ಎಂಬುದನ್ನೇ ಕಲಸಿಬಿಟ್ಟವು. ಆರೋಗ್ಯವಾಗಿದ್ದವರು ಕೆಲಸ, ವಿಮೆ ಕಳೆದುಕೊಂಡರು.

ಕೂದಲಿಗೂ ಆರೋಗ್ಯಕ್ಕೂ ಏನು ಸಂಬಂಧ?

ಕೂದಲು ನೇರ ಮಾಡುವ ರಾಸಾಯನಿಕಗಳನ್ನು ಪದೇ ಪದೇ ಬಳಸುವವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇ. 4.05, ಬಳಸದವರಲ್ಲಿ ಶೇ. 1.64 ಎಂದು 2022ರ ದೊಡ್ಡ ಅಧ್ಯಯನವೊಂದು ಅಂದಾಜಿಸಿತು. ಸಂಬಂಧ ಕಂಡಿದೆ, ಅದೇ ಕಾರಣ ಎಂದು ಸಾಬೀತಾಗಿಲ್ಲ. ಹೆದರಿಸದೆ ಹೇಳಿ. ಸಲೂನಿನೊಳಗೆ ನಿಂತು ಹೇಳುವಾಗ ಒಡತಿಯ ಹೊಟ್ಟೆಪಾಡನ್ನೂ ನೆನಪಿಡಿ. ಅವಳಿಗೆ ಮೊದಲೇ ತಿಳಿಸಿ.

ನಾವು ಭಾರತೀಯರು. ಅಲ್ಲಿ ನಮಗೇನು ಕೆಲಸ?

ಮುಂದೆ ನಿಲ್ಲುವ ಕೆಲಸವಲ್ಲ. ಕುರ್ಚಿ ಹಾಕುವುದು, ಪಟ್ಟಿ ಒರೆಸುವುದು, ಫೋನ್ ಮಾಡುವುದು, ಲೆಕ್ಕ ಬರೆಯುವುದು. ಭಾರತದ ಎಂಬಿಬಿಎಸ್ ಇದ್ದು ಅಲ್ಲಿನ ಲೈಸೆನ್ಸ್ ಇಲ್ಲದವರು ಔಷಧದ ಸಲಹೆ ಕೊಡುವಂತಿಲ್ಲ. ಬಿಪಿ ನೋಡಲು ತರಬೇತಿ ಸಾಕು, ಆದರೆ ಬೆರಳು ಚುಚ್ಚಿ ಸಕ್ಕರೆ ನೋಡಲು ಶಿಬಿರಕ್ಕೆ ಕ್ಲಿಯಾ ಎಂಬ ಫೆಡರಲ್ ನಿಯಮದಡಿ ವಿನಾಯಿತಿ ಪ್ರಮಾಣಪತ್ರ ಬೇಕು. ಗ್ಲುಕೋಮೀಟರ್ ಮನೆಯಲ್ಲಿದೆ ಎಂದು ತಂದು ಚುಚ್ಚಬೇಡಿ.

ಮಾತಿನ ಬಗ್ಗೆಯೂ ಒಂದಿಷ್ಟು. ಹಳೆಯ ಕನ್ನಡ ಪುಸ್ತಕಗಳಲ್ಲಿದ್ದ "ನೀಗ್ರೋ" ಪದ ಸತ್ತಿದೆ, ಎಬ್ಬಿಸಬೇಡಿ. ಎಲ್ಲರೂ "ಆಫ್ರಿಕನ್ ಅಮೆರಿಕನ್" ಅಲ್ಲ; ಹೈಟಿ, ನೈಜೀರಿಯಾ, ಸೊಮಾಲಿಯಾದಿಂದ ಬಂದವರೂ ಇದ್ದಾರೆ. ನಿಮ್ಮವರೊಂದಿಗೆ ಕನ್ನಡದಲ್ಲಿ ಮಾತಾಡುತ್ತ ಬೆರಳು ತೋರಿಸಬೇಡಿ. ಭಾಷೆ ಅರ್ಥವಾಗದಿದ್ದರೂ ಬೆರಳು ಅರ್ಥವಾಗುತ್ತದೆ. ಬೆಳ್ಳಗಿನ ಸೊಸೆ ಬೇಕೆನ್ನುವ ನಮ್ಮ ಮನೆಗಳ ಗೀಳು ಶಿಬಿರಕ್ಕೆ ನಮ್ಮ ಹಿಂದೆಯೇ ಬರುತ್ತದೆ, ಗೊತ್ತಿರಲಿ.

ಹುಡುಗಿಯರನ್ನೇ ಕಾರ್ಯಕರ್ತೆಯರಾಗಿ ತಯಾರು ಮಾಡಬಹುದೇ?

ಮಾಡಲೇಬೇಕು. ಕರಪತ್ರ ಹಿಡಿದು ಬಂದ ಹೊರಗಿನವರಿಗಿಂತ ಮನೆಯ ಹದಿನೈದರ ಹುಡುಗಿ "ಅಜ್ಜಿ, ಕೈ ಕೊಡು" ಅಂದರೆ ಅಜ್ಜಿ ಕೈ ಕೊಡುತ್ತಾಳೆ. ಆಶಾ ಕಾರ್ಯಕರ್ತೆ ತನ್ನ ಊರಿನವಳೇ ಆಗಿರಬೇಕೆಂಬ ನಿಯಮದ ಹಿಂದಿರುವ ಬುದ್ಧಿಯೂ ಇದೇ. ಕಪ್ಪು ಮಹಿಳೆಯರ ಆರೋಗ್ಯ ಚಳವಳಿ ಬೆಳೆದದ್ದೂ ಹೀಗೆ: 1983ರಲ್ಲಿ ಆರೋಗ್ಯ ಹೋರಾಟಗಾರ್ತಿ ಬಿಲಿ ಏವರಿ ಅಟ್ಲಾಂಟಾದ ಸ್ಪೆಲ್ಮನ್ ಕಾಲೇಜಿನಲ್ಲಿ ಸಮ್ಮೇಳನ ಸೇರಿಸಿದರು. ಹೆಂಗಸರು ವೃತ್ತ ಕಟ್ಟಿ ಕೂತು ತಮ್ಮ ಮೈಯ ಕಷ್ಟಗಳನ್ನು ತಾವೇ ಹೇಳಿಕೊಳ್ಳುವ ಗುಂಪುಗಳು ಅಲ್ಲಿಂದ ಊರೂರಿಗೆ ಹಬ್ಬಿದವು.

ಎಂಟು ಶನಿವಾರ, ಎರಡೆರಡು ಗಂಟೆ ಸಾಕು. ಮೊದಲೆರಡು ಬರೀ ಬಿಪಿ. ಒಬ್ಬೊಬ್ಬಳೂ 20 ತೋಳು ಅಳೆಯಬೇಕು, 5 ಸಲ ಮೇಲ್ವಿಚಾರಕಿಯ ಅಂಕಿಗೆ ಹತ್ತಿರ ಬರಬೇಕು. ಮೂರು, ನಾಲ್ಕನೇ ವಾರ ಗುಟ್ಟು ಕಾಯುವುದು. ಐದರಿಂದ ಮುಟ್ಟು, ಬಾಣಂತಿ ಲಕ್ಷಣ, ಕ್ಲಿನಿಕ್ಕಿಗೆ ಫೋನ್ ಮಾಡುವ ಅಭ್ಯಾಸ. ಕೊನೆಯದು ಸಲೂನಿನಲ್ಲಿ ನಿಜವಾದ ಕೆಲಸ. ಪಾಲಕರ ಸಹಿ, ದೊಡ್ಡವರ ಹಿನ್ನೆಲೆ ತಪಾಸಣೆ, ಯಾವಾಗಲೂ ಇಬ್ಬರು ದೊಡ್ಡವರು ಕೋಣೆಯಲ್ಲಿರುವ ನಿಯಮ ಮೊದಲೇ ಆಗಲಿ. ದುಡ್ಡು ಕೊಡಿ. ಶನಿವಾರ ಅಂಗಡಿಯಲ್ಲಿ ದುಡಿದರೆ ಸಿಗುತ್ತಿದ್ದ ಸಂಬಳ ಬಿಟ್ಟು ಬರುವ ಹುಡುಗಿಗೆ ಪ್ರಮಾಣಪತ್ರದ ಕಾಗದವೊಂದೇ ಕೊಡುವುದು ಸರಿಯಲ್ಲ.

ಎಡವುವುದು ಒಂದೇ ಕಡೆ: 170 ಬಂದ ಕೂಡಲೇ ಹುಡುಗಿಯ ಮುಖ ಬಾಡುತ್ತದೆ, ಎದುರಿಗಿದ್ದವರಿಗೆ ಅದೇ ತೀರ್ಪಾಗುತ್ತದೆ. ಮುಖ ಬದಲಿಸದೆ "ಒಂದು ನಿಮಿಷ, ಮತ್ತೆ ನೋಡೋಣ" ಅನ್ನುವುದನ್ನೂ ಅಭ್ಯಾಸ ಮಾಡಿಸಬೇಕು.

ಉತ್ತರ ಕನ್ನಡದ ಸಿದ್ದಿ ಹುಡುಗಿಯರಿಗೂ ಇದೇ ಕಾರ್ಯಕ್ರಮ ಮಾಡಬಹುದೇ?

ಆಫ್ರಿಕಾ ಮೂಲ ಒಂದೇ ಎಂದು ಅಮೆರಿಕದ ಅಂಕಿಗಳನ್ನು ಯಲ್ಲಾಪುರ, ಹಳಿಯಾಳಕ್ಕೆ ತಂದು ಹಚ್ಚಬೇಡಿ. ಅಲ್ಲಿನ ಅಡ್ಡಿಗಳು ಬೇರೆ: ಕಾಡಿನ ದಾರಿ, ದೂರದ ಆಸ್ಪತ್ರೆ, ಮಳೆಗಾಲ. 2003ರಿಂದ ಅವರು ಪರಿಶಿಷ್ಟ ಪಂಗಡ, ಆ ಸೌಲಭ್ಯಗಳ ದಾರಿ ಇದೆ. 2023ರ ಜುಲೈಯಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ಅಭಿಯಾನ ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದವರೆಗಿನವರಿಗೆ ಉಚಿತ ಪರೀಕ್ಷೆ ಮಾಡುತ್ತದೆ. ಆಶಾ ಕಾರ್ಯಕರ್ತೆಯ ಮೂಲಕ ಕೇಳಿ. ವಿಧಾನ ಮಾತ್ರ ಹಾಗೇ ನಡೆಯುತ್ತದೆ. ಸರಿಯಾದ ಪಟ್ಟಿ, ಎರಡು ಸಲದ ಅಳತೆ, ಊರಿನ ಹುಡುಗಿಯೇ ಕಾರ್ಯಕರ್ತೆ, ಆಸ್ಪತ್ರೆಗೆ ಜೊತೆಗೆ ಹೋಗುವವರೊಬ್ಬರು.

ಶಿಬಿರದ ಪೆಟ್ಟಿಗೆಯಲ್ಲಿ ಏನೇನಿರಬೇಕು?

ಪರೀಕ್ಷಿಸಿ ಒಪ್ಪಿದ ಬಿಪಿ ಮೆಷಿನ್ 2, ನಾಲ್ಕೂ ಅಳತೆಯ ಪಟ್ಟಿ, ಹೊಲಿಗೆ ಟೇಪು 2, ಸೆಲ್ಲುಗಳು, ಒರೆಸಲು ಆಲ್ಕೋಹಾಲ್ ಕಾಗದ, ಮಡಚುವ ಪರದೆ, ಪಾದ ನೆಲ ಮುಟ್ಟದ ಗಿಡ್ಡವರಿಗೆ ಒಂದು ಮಣೆ, ಪ್ಯಾಡ್ ತುಂಬಿದ ಬ್ಯಾಗು, ಫೋನ್ ಚಾರ್ಜರ್. ಬೆರಳಿಗೆ ಹಾಕುವ ಆಮ್ಲಜನಕ ಮಾಪಕ ಇದ್ದರೆ ಎಚ್ಚರ: 2020ರ ಅಧ್ಯಯನದಲ್ಲಿ ಆ ಮಾಪಕ 92ರಿಂದ 96 ತೋರಿಸುತ್ತಿದ್ದಾಗಲೂ ರಕ್ತದಲ್ಲಿ ನಿಜವಾದ ಮಟ್ಟ 88ಕ್ಕಿಂತ ಕೆಳಗಿದ್ದದ್ದು ಬಿಳಿ ರೋಗಿಗಳಲ್ಲಿ ಶೇ. 3.6, ಕಪ್ಪು ರೋಗಿಗಳಲ್ಲಿ ಶೇ. 11.7. ಅವಳು ಉಸಿರು ಕಟ್ಟುತ್ತಿದೆ ಅನ್ನುತ್ತಿದ್ದರೆ ಮಾಪಕದಲ್ಲಿ 95 ಬಂದರೂ ಫೋನ್ ಮಾಡಿ.